ಛತ್ರ, ಆರೋಗ್ಯಶಾಲೆ ಮತ್ತು ರೋಗಿಶಿಶುವಿನ ಮನೆಯವರು

ದಾರಿಗರಿಗೆ ಛತ್ರ, ಹಸಿದವರಿಗೆ ಅನ್ನಸತ್ರ, ರೋಗಿಗಳಿಗೆ ಆರೋಗ್ಯಶಾಲೆ: ಈ ಮೂರು ಧರ್ಮಗಳೂ ನಮ್ಮ ದೇಶದಲ್ಲಿ ಬಹು ಪುರಾತನವಾದುವು. ಆದರೆ ಈ ಮೂರರ ನಡುವೆ ನಿಂತು, ಯಾವುದರೊಳಕ್ಕೂ ಪೂರ್ಣವಾಗಿ ಸೇರದೆ ಉಳಿದ ಜನರ ಗುಂಪೊಂದುಂಟು. ಮಗುವಿನ ಪ್ರಾಣಕ್ಕೆ ಕುತ್ತು ಬಂದು, ಅದನ್ನು ದೂರದ ಪಟ್ಟಣದ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ, ವಾರಗಟ್ಟಲೆ ತಿಂಗಳುಗಟ್ಟಲೆ ಅಲ್ಲಿಯೇ ಕಾದಿರಬೇಕಾದ ತಾಯಿತಂದೆಗಳ ಗುಂಪು ಅದು. ಆಸ್ಪತ್ರೆಯ ದಾಖಲೆಯಲ್ಲಿ ರೋಗಿಯೆಂದು ಬರೆದಿರುವುದು ಮಗುವಿನ ಹೆಸರು. ಹಾಸಿಗೆಯೂ ಪಥ್ಯವೂ ಆ ಹೆಸರಿಗೆ ಮಾತ್ರ. ಛತ್ರದ ಪುಸ್ತಕದಲ್ಲಿ ತಾಯಿಯು ಪ್ರಯಾಣಿಕಳು. ಎರಡು ಮೂರು ದಿನ ಕಳೆಯಿತೆಂದರೆ ಕೋಣೆಯನ್ನು ತೆರವು ಮಾಡಬೇಕಾದವಳು. ಇಂತಹವರಿಗೆ ನೆಲೆಯನ್ನು ಕಲ್ಪಿಸುವ ಧರ್ಮವು ಹೇಗೆ ಹುಟ್ಟಿತು, ಎಲ್ಲಿಗೆ ಬಂದಿದೆ, ಇನ್ನೇನು ಉಳಿದಿದೆ ಎಂಬುದನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಭೀಮೆಗೂ ಕೃಷ್ಣೆಗೂ ನಡುವಣ ಈ ಕರಿಯ ನೆಲದಲ್ಲಿ ಔದಾರ್ಯದ ಪರಂಪರೆಯೂ ಅಭಾವದ ಪರಂಪರೆಯೂ ಒಟ್ಟಿಗೆ ಬೆಳೆದಿವೆ. ಡೋಣಿಯ ದಂಡೆ ಬೆಳೆದರೆ ಓಣಿಯೆಲ್ಲ ಜೋಳವೆಂಬ ಮಾತು ಇಲ್ಲಿ ಹಳೆಯದು; ಮಳೆ ತಪ್ಪಿದ ವರ್ಷ ಅದೇ ಓಣಿಗಳು ಬರಿದಾಗುತ್ತಿದ್ದುದೂ ಅಷ್ಟೇ ಹಳೆಯದು. ಮನೆಯಿಂದ ದೂರವಾದವರನ್ನು ಇರಿಸಿಕೊಂಡು ಸಾಕುವ ವ್ಯವಸ್ಥೆ ಹೇಗಿರಬೇಕೆಂಬುದಕ್ಕೆ ಕನ್ನಡ ನಾಡಿನ ಒಳ್ಳೆಯ ನಿದರ್ಶನಗಳಲ್ಲಿ ಒಂದು ಸಹ ಇಲ್ಲಿಯೇ ದೊರೆಯುತ್ತದೆ.

ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಗ್ರಾಮವಿದೆ. ಶಾಸನದಲ್ಲಿ ಇದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನೆಂದು ಕ್ರಿ. ಶ. 945ರ ಸ್ತಂಭಶಾಸನವು ತಿಳಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಅವರ ವಾಸಕ್ಕೆಂದು 27 ಮನೆಗಳು, ಶಾಲೆಗೆ 500 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ, ದೀಪದ ವೆಚ್ಚಕ್ಕೆ ಪ್ರತ್ಯೇಕವಾಗಿ 12 ನಿವರ್ತನ ದತ್ತಿಯಾಗಿ ದೊರೆತುವು. ಇಷ್ಟಕ್ಕೆ ಮುಗಿಯಲಿಲ್ಲ. ಊರಿನಲ್ಲಿ ಮದುವೆಯಾದಾಗಲೆಲ್ಲ ಮನೆಯವರು ಶಾಲೆಗೆ 5 ನಾಣ್ಯಗಳನ್ನೂ, ಉಪನಯನವಾದಾಗ ಅದರ ಅರ್ಧವನ್ನೂ, ಚೌಲಕ್ಕೆ ಅದಕ್ಕಿಂತ ಕಡಿಮೆ ಮೊತ್ತವನ್ನೂ ಕೊಡತಕ್ಕದ್ದೆಂದು ಗೊತ್ತುಮಾಡಲಾಯಿತು.

ಈ ವಿವರಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಟ್ಟಡವನ್ನು ಕಟ್ಟಿಸಿದವನು ದೊಡ್ಡ ಅಧಿಕಾರಿ. ಅದನ್ನು ನಡೆಸುವ ಭಾರದಲ್ಲಿ ಒಂದು ಪಾಲನ್ನು ಹೊತ್ತವರು ಊರಿನ ಗೃಹಸ್ಥರು. ಕಟ್ಟಡ ಒಮ್ಮೆ ಎದ್ದರೆ ಸಾಕು. ಎಣ್ಣೆಯಾದರೋ ಪ್ರತಿ ಸಂಜೆಯೂ ಬೇಕು. ಶಾಸನ ಬರೆಸಿದವರು ಇದನ್ನು ಅರಿತಿದ್ದರು. ಆದುದರಿಂದಲೇ ದೀಪಕ್ಕೆ ಬೇರೆಯಾಗಿ ನೆಲವನ್ನು ಬಿಟ್ಟರು; ಊರಿನ ಸಂತೋಷದ ದಿನಗಳಿಗೂ ಪರಸ್ಥಳದ ಹುಡುಗರ ನಿತ್ಯದ ಅಗತ್ಯಕ್ಕೂ ಗಂಟು ಹಾಕಿದರು. ಈ ಶಾಲೆಯು ವೇದಾಧ್ಯಯನ ಮಾಡುವ ಬ್ರಾಹ್ಮಣ ವಟುಗಳಿಗಾಗಿ ಇದ್ದಿತೆಂಬುದನ್ನು ಮರೆಯಲಾಗದು. ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ಬಾಗಿಲನ್ನು ತೆರೆಯುವ ಮಾತನ್ನು ಎರಡು ಶತಮಾನಗಳ ತರುವಾಯ ಎತ್ತಿದವರು ಶಿವಶರಣರು. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ಮಡಿವಾಳ ಮಾಚಯ್ಯನವರ ಊರಾದ ದೇವರ ಹಿಪ್ಪರಗಿ, ತಾನೇ ತಾಲ್ಲೂಕಾಗುವ ಮೊದಲು, ಸಿಂದಗಿ ತಾಲ್ಲೂಕಿಗೆ ಸೇರಿತ್ತು. ದುಡಿದು ಗಳಿಸಿದುದನ್ನು ಜಂಗಮಕ್ಕೆ, ಎಂದರೆ ನಡೆದು ಬಂದವನಿಗೆ, ಸಲ್ಲಿಸುವುದೇ ದಾಸೋಹವೆಂದು ಅವರು ಕಲಿಸಿದರು. ಕೊಡುವವನು ಮೇಲೆ, ಬೇಡುವವನು ಕೆಳಗೆ ಎಂಬ ಭಾವಕ್ಕೆ ಆ ತತ್ತ್ವದಲ್ಲಿ ಸ್ಥಳವಿಲ್ಲ. ಅದೇ ಕಾಲದಲ್ಲಿ, ಕಳಚುರ್ಯ ಬಿಜ್ಜಳನ ಆಳಿಕೆಯ 1162ರ ಶಾಸನವೊಂದು ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುತ್ತದೆ. ಆ ಮಠವು ಬಹು ಶಾಸ್ತ್ರಗಳ ವಿದ್ಯಾಸ್ಥಾನ. ದೀನರಿಗೂ ಕುರುಡರಿಗೂ ಕಿವುಡರಿಗೂ ಅನ್ನ ದೊರೆಯುವ ಸ್ಥಾನ. ಅನಾಥರಾದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನ. ವಸತಿ, ಅನ್ನ, ಔಷಧ ಮೂರೂ ಒಂದೇ ಸೂರಿನ ಕೆಳಗೆ ಇದ್ದ ಕಾಲವೊಂದಿತ್ತೆಂಬುದಕ್ಕೆ ಇದು ಸಾಕ್ಷಿ.

ಮುಸಲ್ಮಾನ ದೊರೆಗಳ ಕಾಲದಲ್ಲಿಯೂ ಈ ಬುದ್ಧಿ ಅಳಿಯಲಿಲ್ಲ. ಬಹಮನೀ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನು ಹದಿನೈದನೆಯ ಶತಮಾನದಲ್ಲಿ ಬೀದರಿನಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ರೋಗಿಗಳ ಔಷಧ ಮತ್ತು ಆಹಾರಗಳ ವೆಚ್ಚಕ್ಕೆ ಗ್ರಾಮಗಳ ಉತ್ಪನ್ನವನ್ನು ಬಿಟ್ಟು, ಹಿಂದೂ ವೈದ್ಯರನ್ನೂ ಮುಸಲ್ಮಾನ ವೈದ್ಯರನ್ನೂ ನೇಮಿಸಿದನೆಂದು ಫಿರಿಸ್ತಾ ಬರೆದಿದ್ದಾನೆ. ಈತನು ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಹನ ಆಶ್ರಯದಲ್ಲಿದ್ದು ಇತಿಹಾಸವನ್ನು ಬರೆದವನು, ವೈದ್ಯವನ್ನೂ ಬಲ್ಲವನು. ಇಲ್ಲಿಯೂ ಕಟ್ಟಡಕ್ಕೆ ಬೆನ್ನಾಗಿ ನಿಂತದ್ದು ವರ್ಷವರ್ಷವೂ ಬರುವ ಉತ್ಪನ್ನ.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಸಂಗತಿಗಳು ಈ ಸೀಮೆಯ ಸ್ಥಿತಿಯನ್ನು ಬದಲಾಯಿಸಿದುವು. ಮೊದಲನೆಯದು 1876ರಿಂದ 1878ರ ವರೆಗಿನ ಮಹಾಕ್ಷಾಮ. ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಈ ಪ್ರಾಂತದ ಜನಸಂಖ್ಯೆಯು 1872ರ ಗಣತಿಗೂ 1881ರ ಗಣತಿಗೂ ನಡುವೆ ಸುಮಾರು ಐದನೆಯ ಒಂದು ಪಾಲು ಇಳಿಯಿತು. ಊರೇ ಹಸಿದಿರುವಾಗ ಊರಿನ ಧರ್ಮ ನಡೆಯಲಾರದು. ಮಠಮನೆಗಳ ಕಣಜ ಬರಿದಾದ ಮೇಲೆ ಸರಕಾರದ ಕಾಮಗಾರಿಯೊಂದೇ ಗತಿಯಾಯಿತು. ಎರಡನೆಯದು ರೈಲುದಾರಿ. 1884ರಲ್ಲಿ ಹೊಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ರೈಲು ಓಡಾಡತೊಡಗಿತು. ಇಂಡಿ ರೋಡಿನಲ್ಲಿ ಗಾಡಿ ಹತ್ತಿದವನು ಸೊಲ್ಲಾಪುರವನ್ನೂ ಅಲ್ಲಿಂದ ಮುಂಬಯಿಯನ್ನೂ ಸೇರಬಹುದಾಯಿತು. 1894ರಲ್ಲಿ ಮಿರಜಿನಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ಸರ ಮಿಷನ್ ಆಸ್ಪತ್ರೆ ತೆರೆಯಿತು. 1941ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಗ್ರಂಥಿ ಸಂಸ್ಥೆ. ಬಿಜಾಪುರದಲ್ಲಿಯೂ 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜೂ, 1986ರಲ್ಲಿ ಬಿ. ಎಲ್. ಡಿ. ಇ. ಸಂಸ್ಥೆಯ ವೈದ್ಯಕೀಯ ಕಾಲೇಜೂ ಆದುವು. ವಚನಗಳನ್ನು ಮನೆಮನೆಯಿಂದ ಹುಡುಕಿ ತಂದ ಫ. ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು.

ಚಿಕಿತ್ಸೆಯು ಬೆಳೆಯಿತು, ಬೆಳೆದಂತೆ ಹಳ್ಳಿಯಿಂದ ದೂರವೂ ಆಯಿತು. ಮುದ್ದೇಬಿಹಾಳದ ಕೂಲಿಯವನಿಗೆ ವಿಜಯಪುರವೇ ಒಂದು ದಿನದ ಕೂಲಿಯನ್ನು ನುಂಗುವ ದಾರಿ. ಬೆಂಗಳೂರು ನೂರಾರು ಕಿಲೋಮೀಟರುಗಳ ದೂರ. ಮಕ್ಕಳ ರಕ್ತದ ಕ್ಯಾನ್ಸರಿನ ಮಾತನ್ನೇ ತೆಗೆದುಕೊಳ್ಳೋಣ. ಅದಕ್ಕೆ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕು. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಯ ಹತ್ತಿರದಲ್ಲಿಯೇ ಇರಬೇಕು. ಅದರ ಅತಿ ಸಾಮಾನ್ಯವಾದ ಬಗೆಯಲ್ಲಿ, ಅನುಕೂಲವಂತ ದೇಶಗಳಲ್ಲಿ, ಹತ್ತು ಮಕ್ಕಳಲ್ಲಿ ಎಂಟಕ್ಕೂ ಮಿಕ್ಕಿ ಬದುಕುತ್ತವೆ. ನಮ್ಮಲ್ಲಿ ಚಿಕಿತ್ಸೆಯನ್ನು ನಡುವೆ ಕೈಬಿಟ್ಟು ಊರಿಗೆ ಮರಳುವವರಿದ್ದಾರೆ. ನಾಲ್ಕು ವಾರಗಳ ಕಾಲ ಬಾರದೆ ಹೋದರೆ ಅದನ್ನು ಪರಿತ್ಯಾಗವೆಂದು ವೈದ್ಯರು ಗಣಿಸುತ್ತಾರೆ. ಪರಿತ್ಯಾಗವೆಂಬ ಮಾತು ತಾಯಿತಂದೆಗಳ ವಿಷಯದಲ್ಲಿ ಕ್ರೂರವಾದುದು. ಅವರು ಮಗುವನ್ನು ತೊರೆದವರಲ್ಲ. ಅವರಿಗೆ ಮಲಗಲು ಜಾಗವಿರಲಿಲ್ಲ, ಊರಿನಲ್ಲಿ ಬಿಟ್ಟುಬಂದ ಬೇರೆ ಮಕ್ಕಳನ್ನು ನೋಡುವವರಿರಲಿಲ್ಲ.

ಪಶ್ಚಿಮ ದೇಶಗಳು ಈ ಮಾತನ್ನು ಕಲಿತದ್ದು ತಡವಾಗಿ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಗುವನ್ನು ಒಳಗೆ ಸೇರಿಸಿಕೊಂಡು ತಾಯಿಯನ್ನು ಹೊರಗಿಡುವುದು ಬಹುಕಾಲ ಶಿಸ್ತೆನಿಸಿತ್ತು. ನ್ಯೂಕಾಸಲಿನ ಶಿಶುಗಳ ಆಸ್ಪತ್ರೆಯಲ್ಲಿ ಜೇಮ್ಸ್ ಸ್ಪೆನ್ಸರು ತಾಯಂದಿರನ್ನು ಮಕ್ಕಳೊಡನೆ ಇರಗೊಟ್ಟದ್ದು ಆಗ ಅಪವಾದ. 1952ರಲ್ಲಿ ಜೇಮ್ಸ್ ರಾಬರ್ಟ್ಸನ್ನರು ಎರಡು ವರ್ಷದ ಹೆಣ್ಣುಮಗುವೊಂದು ಆಸ್ಪತ್ರೆಯಲ್ಲಿ ಒಂಟಿಯಾಗಿ ಕಳೆದ ದಿನಗಳನ್ನು ಚಲಚ್ಚಿತ್ರದಲ್ಲಿ ತೋರಿಸಿದರು. 1959ರ ಪ್ಲಾಟ್ ಸಮಿತಿಯ ವರದಿಯು ತಾಯಿತಂದೆಗಳಿಗೆ ಪ್ರವೇಶ ಕೊಡಬೇಕೆಂದಿತು. 1974ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಕ್ಕಳ ಕ್ಯಾನ್ಸರಿನ ತಜ್ಞೆ ಆಡ್ರಿ ಇವಾನ್ಸರ ಪ್ರಯತ್ನದಿಂದ ರೋಗಿಶಿಶುಗಳ ಮನೆಯವರಿಗೆಂದೇ ಒಂದು ವಸತಿಗೃಹ ತೆರೆಯಿತು. ರೊನಾಲ್ಡ್ ಮೆಕ್‌ಡೊನಾಲ್ಡ್ ಗೃಹವೆಂಬ ಹೆಸರಿನಲ್ಲಿ ಅದರ ಮಾದರಿ ಹಲವು ದೇಶಗಳಿಗೆ ಹರಡಿತು. 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ಆದ ಹೆಲೆನ್ ಹೌಸ್ ಇನ್ನೊಂದು ಹೆಜ್ಜೆ. ಗುಣವಾಗದ ವ್ಯಾಧಿಯ ಮಗುವನ್ನು ಕೆಲವು ದಿನ ತಾವು ನೋಡಿಕೊಂಡು, ಹಗಲಿರುಳು ಶುಶ್ರೂಷೆ ಮಾಡಿದ ಮನೆಯವರಿಗೆ ದಣಿವಾರಿಸಿಕೊಳ್ಳುವ ಅವಕಾಶವನ್ನು ಅಲ್ಲಿ ಕಲ್ಪಿಸಿದರು.

ಭಾರತದಲ್ಲಿ ಈ ಕೊರತೆಯನ್ನು ಕಂಡವರಲ್ಲಿ ಮೊದಲಿಗರೆನಿಸಬೇಕಾದವರು ಪೊರಕೆ ಹಿಡಿದು ಊರೂರು ಗುಡಿಸಿದ ಸಂತ ಗಾಡಗೆ ಮಹಾರಾಜರು. ಅವರ ಕಾಲ 1876ರಿಂದ 1956. ಪಂಢರಪುರವೇ ಮೊದಲಾದ ಕ್ಷೇತ್ರಗಳಲ್ಲಿ ಯಾತ್ರಿಕರಿಗೆ ಧರ್ಮಶಾಲೆಗಳನ್ನು ಕಟ್ಟಿಸಿದ ಅವರು, ಮುಂಬಯಿಯ ಜೆ. ಜೆ. ಆಸ್ಪತ್ರೆಯ ಬಳಿ ರೋಗಿಗಳ ಬಂಧುಗಳಿಗೂ ಒಂದನ್ನು ಕಟ್ಟಿಸಿದರು. ಯಾತ್ರಿಕನಿಗೆ ಸಲ್ಲುತ್ತಿದ್ದ ಆದರವನ್ನು ಆಸ್ಪತ್ರೆಯ ಬಾಗಿಲಲ್ಲಿ ಕುಳಿತವನಿಗೂ ಸಲ್ಲಿಸಿದುದು ಧರ್ಮದ ಇತಿಹಾಸದಲ್ಲಿ ದೊಡ್ಡ ತಿರುವು. ಅವರ ಹೆಸರಿನ ದಾದರಿನ ಧರ್ಮಶಾಲೆಯು ಟಾಟಾ ಆಸ್ಪತ್ರೆಗೆ ಬಂದವರಿಗೆ ನೆಲೆಯಾಗಿದೆ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಸಂಸ್ಥೆಯು ಕ್ಯಾನ್ಸರ್ ಪೀಡಿತ ಮಕ್ಕಳ ಕುಟುಂಬಗಳಿಗೆ ಶುಲ್ಕವಿಲ್ಲದೆ ವಸತಿ ಕೊಡುತ್ತದೆ. ಅಲ್ಲಿ ಪ್ರತಿ ಕುಟುಂಬಕ್ಕೂ ತನ್ನದೇ ಜಾಗ. ಸಾಮಾನ್ಯವಾದ ಅಡಿಗೆಮನೆಯಲ್ಲಿ ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳುವ ಏರ್ಪಾಡು. ನಾಲಗೆ ಕೆಟ್ಟ ಮಗುವಿಗೆ ತಾಯಿ ಬಡಿದ ಜೋಳದ ರೊಟ್ಟಿ ದೊರೆಯುವುದು ಚಿಕ್ಕ ಮಾತಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಇನ್ಫೋಸಿಸ್ ಪ್ರತಿಷ್ಠಾನದವರು ಕಟ್ಟಿಸಿದ ಧರ್ಮಶಾಲೆಯಿದೆ.

ಸರಕಾರವು ಸುಮ್ಮನೆ ಕುಳಿತಿಲ್ಲ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾಗಿ ಬೆಳಗಾವಿ ವಿಭಾಗಕ್ಕೂ ಹಬ್ಬಿದ ವಾಜಪೇಯಿ ಆರೋಗ್ಯಶ್ರೀ ಯೋಜನೆಯೂ, 2018ರಿಂದ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯೂ ಶಸ್ತ್ರಚಿಕಿತ್ಸೆಯ, ಔಷಧದ ಹೊರೆಯನ್ನು ಬಹುಮಟ್ಟಿಗೆ ಇಳಿಸಿವೆ. ಇನ್ನೂ ಬೋಧಪ್ರದವಾದುದು ಪೌಷ್ಟಿಕ ಪುನಶ್ಚೇತನ ಕೇಂದ್ರಗಳ ಕ್ರಮ. ತೀವ್ರ ಅಪೌಷ್ಟಿಕತೆಯ ಮಗುವನ್ನು ಸಾಮಾನ್ಯವಾಗಿ ಎರಡು ವಾರ ಅಲ್ಲಿ ಇರಿಸಿಕೊಳ್ಳುವಾಗ ತಾಯಿಯನ್ನೂ ಜೊತೆಯಲ್ಲಿರಿಸಿ, ಊಟ ಹಾಕಿ, ತಪ್ಪಿದ ಕೂಲಿಗೆ ಪರಿಹಾರವನ್ನು ಕೊಡುತ್ತಾರೆ. ತಾಯಿಯ ಇರವು ಚಿಕಿತ್ಸೆಯ ಅಂಗವೆಂದು ರಾಜ್ಯವು ಒಪ್ಪಿದೆಯೆಂದು ಇದರಿಂದ ಸ್ಪಷ್ಟವಾಗುತ್ತದೆ. ಅಪೌಷ್ಟಿಕತೆಯಲ್ಲಿ ಒಪ್ಪಿದ ನ್ಯಾಯವು ಹೃದಯದ ಬೇನೆಯಲ್ಲಿಯೂ ರಕ್ತದ ಬೇನೆಯಲ್ಲಿಯೂ ಏಕೆ ಒಪ್ಪಿತವಾಗಬಾರದೆಂದು ವಿದ್ಯಾವಂತರು ಕೇಳಬೇಕಾಗಿದೆ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳವರು ಮಾಡಬೇಕಾದುದೇನು? ದಾನಿಗಳು ಕಟ್ಟಡಗಳನ್ನು ಕಟ್ಟಿಸಲು ಹಿಂಜರಿಯರು. ಕಟ್ಟಡದ ಮೇಲೆ ಹೆಸರು ಬರೆಯಬಹುದು. ಉರಿದು ಮುಗಿಯುವ ಎಣ್ಣೆಯ ಮೇಲೆ ಬರೆಯಲಾಗದು. ಆಸ್ಪತ್ರೆಯ ಸಮೀಪದ ವಸತಿಗೃಹಗಳು ಸೊರಗುವುದು ಸಾಮಾನ್ಯವಾಗಿ ಇಲ್ಲಿಯೇ: ನೀರು, ಒಲೆ, ಶೌಚದ ಸ್ವಚ್ಛತೆ, ರಾತ್ರಿಯ ಕಾವಲು, ಬಸ್ಸಿನ ಚಾರ್ಜು ಇವುಗಳಿಗೆ ಪ್ರತಿ ತಿಂಗಳೂ ಹಣ ಬೇಕು. ಇಂಡಿಯ ನಿಂಬೆಯ ಪೇಟೆಗೂ, ಬಾಗೇವಾಡಿಯ ಜಾತ್ರೆಗೂ, ತಾಳಿಕೋಟೆಯ ಅಂಗಡಿಸಾಲಿಗೂ, ಸಿಂದಗಿಯ ಮದುವೆಯ ಮಂಟಪಗಳಿಗೂ ಸಣ್ಣದೊಂದು ನಿಯತವಾದ ಪಾಲನ್ನು ಗೊತ್ತುಮಾಡಿ, ವಿಜಯಪುರದ ಆಸ್ಪತ್ರೆಗಳ ಬಳಿ ರೋಗಿಶಿಶುಗಳ ಮನೆಯವರಿಗೆ ದಿನಗಳ ಮಿತಿಯಿಲ್ಲದ ನೆಲೆಯೊಂದನ್ನು ನಡೆಸುವುದು ಅಸಾಧ್ಯವೆಂದು ನಮಗೆ ತೋರುವುದಿಲ್ಲ. ಜಾತಿಮತಗಳ ಭೇದ ಅಲ್ಲಿರಬಾರದು. ಬಂದವರನ್ನು ಭಿಕ್ಷುಕರಂತೆ ಕಾಣಬಾರದು. ಮೊದಲ ನಿಯಮವು ಪಾವಿಟ್ಟಗೆಯ ಶಾಲೆಯ ಕೊರತೆಯನ್ನು ತುಂಬುತ್ತದೆ. ಎರಡನೆಯದು ಬಾಗೇವಾಡಿಯಲ್ಲಿ ಹುಟ್ಟಿದ ಮಹಾಪುರುಷರ ಉಪದೇಶ.

ಸಾಲೋಟಗಿಯ ಗೃಹಸ್ಥರು ತಾವು ಕಂಡರಿಯದ ದೇಶಗಳ ಹುಡುಗರ ಶಾಲೆಗೆ ತಮ್ಮ ಮದುವೆಗಳಿಂದ 5 ನಾಣ್ಯಗಳನ್ನು ಕೊಡಲು ಒಪ್ಪಿ ಸಾವಿರ ವರ್ಷಗಳ ಮೇಲಾಯಿತು. ಅವರ ವಂಶದವರಿಂದ ಈಗ ಕೇಳುತ್ತಿರುವುದು ನೆರೆಯ ತಾಲ್ಲೂಕಿನ ಒಂದು ಮಗುವಿನ ತಾಯಿಗೆ ರಾತ್ರಿ ಮಲಗಲು ಒಂದು ಚಾಪೆಯ ಜಾಗ, ಬೆಳಿಗ್ಗೆ ಹಚ್ಚಲು ಒಂದು ಒಲೆ.