ಮನೆಯ ಹೈ ಡೆಫಿನಿಷನ್ ಟಿವಿಯಲ್ಲಿ ಏನು ನೋಡೋಣ?

ದೊಡ್ಡಬಳ್ಳಾಪುರ ದಾಟಿ ಹಿಂದೂಪುರದ ಕಡೆ ರೈಲಿನಲ್ಲಿ ಹೋಗಿದ್ದರೆ ಮಾಕಳಿದುರ್ಗದ ಬೆಟ್ಟವನ್ನು ನೀವು ನೋಡಿಯೇ ಇರುತ್ತೀರಿ. ಮೇಲೆ ಹಳೆಯ ಕೋಟೆ, ಶಿವನ ಗುಡಿ. ಚಾರಣಿಗರಿಗೆ ಇಂಥ ಬೆಟ್ಟ ಅಂದ್ರೆ ಖುಷಿ. ಆದರೆ ಟಿವಿ ಆಂಟೆನಾಗೆ? ಟಿವಿ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವಂಥವು. ಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿ ಚಿತ್ರ ಮಂಕಾಗುತ್ತದೆ.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಮರುವರ್ಷ ದೆಹಲಿ ಏಷ್ಯಾಡ್ ಹೊತ್ತಿಗೆ ಬಣ್ಣ ಬಂತು. ಗುಡ್ಡದ ಮರೆಯ ಊರುಗಳಲ್ಲಿ ಮಾತ್ರ ಎತ್ತರದ ಕಂಬ ನೆಟ್ಟು ಆಂಟೆನಾ ತಿರುಗಿಸುವುದೇ ಒಂದು ಕೆಲಸ! ಈ ತಾಪತ್ರಯ ತಪ್ಪಿಸಿದ್ದು ಆಕಾಶದತ್ತ ಮುಖ ಮಾಡಿದ ಡಿಶ್. ದೂರದರ್ಶನದ ಉಚಿತ ಡಿಟಿಎಚ್ 2004ರ ಡಿಸೆಂಬರ್‌ನಲ್ಲಿ ಬಂತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಹೈ ಡೆಫಿನಿಷನ್‌ನಲ್ಲೇ ತೋರಿಸಿತು.

ಇನ್ನು ಡಿಸ್ಕ್‌ಗಳ ಕಥೆ. ವಿಸಿಡಿ ಬಂದಿದ್ದು 1993ರಲ್ಲಿ. ನಮ್ಮ ಟಿವಿಗೆ ಹೊಂದುವ ವಿಸಿಡಿಯ ಚಿತ್ರದಲ್ಲಿ ಇದ್ದದ್ದು 352×288 ಚುಕ್ಕಿಗಳು, ಅಂದರೆ ಸುಮಾರು ಒಂದು ಲಕ್ಷ. ಒಂದು ಸಿನಿಮಾಗೆ ಎರಡು ಮೂರು ಡಿಸ್ಕ್ ಬೇಕಿತ್ತು, ನೆನಪಿದೆಯಾ? 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿವಿಡಿ ಅದನ್ನು ನಾಲ್ಕು ಲಕ್ಷಕ್ಕೆ ಏರಿಸಿತು. 2006ರ ಬ್ಲೂ-ರೇಯಲ್ಲಿ 1920×1080, ಅಂದರೆ ಇಪ್ಪತ್ತು ಲಕ್ಷ! ನೀಲಿ-ನೇರಳೆ ಲೇಸರ್‌ನ ತರಂಗ ಚಿಕ್ಕದು, ಹಾಗಾಗಿ ಅದೇ ಅಳತೆಯ ತಟ್ಟೆಯಲ್ಲಿ ಗುರುತುಗಳನ್ನು ಒತ್ತೊತ್ತಾಗಿ ಬರೆಯಬಹುದು. ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ, ಬ್ಲೂ-ರೇಯಲ್ಲಿ 25 ಜಿಬಿ. ಎದುರಾಳಿ ಎಚ್‌ಡಿ ಡಿವಿಡಿಯನ್ನು ತೋಷಿಬಾ 2008ರ ಫೆಬ್ರವರಿಯಲ್ಲಿ ಕೈಬಿಟ್ಟಿತು.

ಇದರಿಂದ ನಮಗೇನು ಲಾಭ ಅಂತೀರಾ? ವಿಸಿಡಿಯಲ್ಲಿ ಕತ್ತಲ ದೃಶ್ಯ ಬಂದರೆ ಬರೀ ಚೌಕಚೌಕ. ಹೈ ಡೆಫಿನಿಷನ್‌ನಲ್ಲಾದರೆ ಅದೇ ಕತ್ತಲಲ್ಲಿ ನಟನ ಕಣ್ಣು, ಸೀರೆಯ ಅಂಚು, ಗೋಡೆಯ ಮಸಿ ಎಲ್ಲಾ ಕಾಣುತ್ತೆ. ಇದು ಹೊಸ ಸಿನಿಮಾಗಳಿಗೆ ಮಾತ್ರ ಅಂದುಕೊಳ್ಳಬೇಡಿ. 35 ಎಂಎಂ ನೆಗೆಟಿವ್‌ನಲ್ಲಿ ಈ ವಿವರಗಳೆಲ್ಲ ಮೊದಲಿನಿಂದಲೂ ಇದ್ದವು. ಮನೆಗೆ ತಲುಪುತ್ತಿರಲಿಲ್ಲ, ಅಷ್ಟೇ.

ಆದರೆ ಒಂದು ಷರತ್ತಿದೆ: ನೆಗೆಟಿವ್ ಉಳಿದಿರಬೇಕು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಉಳಿಯಿತು. ಸ್ವರ್ಣಕಮಲ ಗೆದ್ದ ಈ ಕಪ್ಪು-ಬಿಳುಪು ಚಿತ್ರ 4ಕೆಯಲ್ಲಿ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. ಎಷ್ಟೇ ದುಬಾರಿ ಟಿವಿ ತಂದರೂ ಸುಬ್ಬಯ್ಯ ನಾಯ್ಡು ಅವರನ್ನು ಆ ಪಾತ್ರದಲ್ಲಿ ನಾವಿನ್ನು ನೋಡಲಾರೆವು.

ಆಂಟೆನಾ ತಿರುಗಿಸುತ್ತಿದ್ದ ಕಾಲದಲ್ಲಿ ಚಿತ್ರ ಇತ್ತು, ಅದನ್ನು ಸರಿಯಾಗಿ ತೋರಿಸುವ ಪೆಟ್ಟಿಗೆ ಇರಲಿಲ್ಲ. ಈಗ ಪೆಟ್ಟಿಗೆ ಮನೆಮನೆಯಲ್ಲಿದೆ. ಟಿವಿ ಕೊಳ್ಳುವಾಗ ಎಷ್ಟು ಇಂಚು ಅಂತ ಕೇಳುತ್ತೇವಲ್ಲ, ನಮ್ಮ ಹಳೆಯ ಕನ್ನಡ ಚಿತ್ರಗಳ ನೆಗೆಟಿವ್ ಎಷ್ಟು ಉಳಿದಿವೆ ಅಂತಲೂ ಕೇಳೋಣ. ನಿಮ್ಮ ಮನೆಯ ಟಿವಿಯಲ್ಲಿ ಮತ್ತೆ ಹೊಸದಾಗಿ ನೋಡಬೇಕು ಅನ್ನಿಸುವ ಹಳೆಯ ಚಿತ್ರ ಯಾವುದು?