ಹುಳಿ ಬಿಟ್ಟರೆ ಸುಶಿಯಲ್ಲ

ನಮ್ಮಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಒಂದು ಮದುವೆಗೆ ಉಡುಗೊರೆಯಾಗಿ ಬಂದು, ಅಟ್ಟ ಸೇರಿ, ಇನ್ನೊಂದು ಮದುವೆಗೆ ಹೊರಡುವಂಥದ್ದು. ಹಾಗಾಗಿ ‘ಸುಶಿ ಕ್ಯಾಸರೋಲ್’ ಎಂದು ಕೇಳಿದರೆ ಕನ್ನಡದ ಕಿವಿ ಒಂದು ಕ್ಷಣ ತಡವರಿಸುತ್ತದೆ. ಅಮೆರಿಕದಲ್ಲಿ ಅದು ಓವನ್‌ಗೆ ಇಡುವ ಆಳದ ಪಾತ್ರೆಯ ಹೆಸರು. ಅದರಲ್ಲೇ ಬೆಂದು ಅದರಲ್ಲೇ ಊಟದ ಮೇಜಿಗೆ ಬರುವ ತಿನಿಸಿಗೂ ಅದೇ ಹೆಸರು. ಫಿಲಿಪೀನ್ಸ್‌ನವರು ಇದನ್ನು ‘ಸುಶಿ ಬೇಕ್’ ಎನ್ನುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಅಲ್ಲಿ ಮನೆಯಲ್ಲೇ ಮಾಡಿ ಟ್ರೇ ಲೆಕ್ಕದಲ್ಲಿ ಮಾರುವವರ ಕೈಯಲ್ಲಿ ಇದು ಭಾರಿ ಹಬ್ಬಿತು. ನಮ್ಮ ಕಿವಿಗೆ ಮಾತ್ರ ಯಾರೋ ಹಟ ಹಿಡಿದು ಕೇಳುತ್ತಿರುವಂತಿದೆ: ಸುಶಿ ಬೇಕ್!

ಮಾಡುವುದು ಕಷ್ಟವಲ್ಲ. ಅಂಟುವ ಗಿಡ್ಡ ಅಕ್ಕಿಯ ಅನ್ನವನ್ನು ಟ್ರೇಯಲ್ಲಿ ಹರಡಿ ಒತ್ತಬೇಕು. ಮೇಲೆ ಎಳ್ಳು, ಕಡಲಪಾಚಿಯ ಚೂರು ಬೆರೆತ ಫುರಿಕಾಕೆ ಪುಡಿ. ಅದರ ಮೇಲೆ ಏಡಿಯ ರುಚಿ ಕಟ್ಟಿದ ಮೀನಿನ ಕಡ್ಡಿಗಳನ್ನು ಸೀಳಿ, ಮೇಯನೇಸ್, ಕ್ರೀಮ್ ಚೀಸ್, ಒಂದಿಷ್ಟು ಖಾರದ ಶ್ರೀರಾಚಾ ಸಾಸ್ ಕಲಸಿ ಹರಡಿ, 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಿನೈದು ನಿಮಿಷ. ಮನಿಲಾದ ಮನೆಗಳಲ್ಲಿ ಕೊನೆಗೆ ಮಾವಿನಹಣ್ಣಿನ ಹೋಳನ್ನೂ ಉದುರಿಸುವುದುಂಟು. ಒಂದು ಚಮಚ ತೋಡಿ, ನೋರಿ ಎಂಬ ಕಡಲಪಾಚಿಯ ಹಾಳೆಯ ತುಂಡಿನಲ್ಲಿ ಮಡಚಿ ಬಾಯಿಗಿಡುವುದು.

ಇದು ಸುಶಿಯೇ ಅಲ್ಲ ಎಂದು ಮೂಗು ಮುರಿಯುವವರು ಬೇಕಾದಷ್ಟಿದ್ದಾರೆ. ಹಸಿ ಮೀನಿಲ್ಲ, ಸುರುಳಿಯಿಲ್ಲ, ಸಾಲದ್ದಕ್ಕೆ ಬಿಸಿ! ಆದರೆ ಈ ಮೂರೂ ತಕರಾರಿಗೆ ಜಪಾನ್‌ನಲ್ಲೇ ಉತ್ತರವಿದೆ. ಇನಾರಿಝುಶಿಯಲ್ಲಿ ಹಸಿ ಮೀನಿಲ್ಲ. ಕರಿದ ತೋಫುವಿನ ಚೀಲಕ್ಕೆ ಅನ್ನ ತುಂಬಿದರೆ ಮುಗಿಯಿತು. ಚಿರಾಶಿಝುಶಿಯನ್ನು ಸುತ್ತುವುದಿಲ್ಲ, ಅನ್ನದ ಮೇಲೆ ಎಲ್ಲವನ್ನೂ ಹರಡುತ್ತಾರೆ. ಓಸಾಕಾದವರು ಮರದ ಅಚ್ಚಿನಲ್ಲಿ ಒತ್ತಿ ಕೊಯ್ಯುತ್ತಾರೆ. ಇನ್ನು ಬಿಸಿಯ ಮಾತು: ಕ್ಯೋಟೊದಲ್ಲಿ ಚಳಿಗಾಲ ಬಂತೆಂದರೆ ಬಟ್ಟಲಿನ ಸಮೇತ ಹಬೆಯಲ್ಲಿ ಬೇಯಿಸಿದ ಮುಶಿಝುಶಿ, ಮೇಲೆ ಎಳೆಎಳೆಯಾಗಿ ಕತ್ತರಿಸಿದ ಮೊಟ್ಟೆದೋಸೆ.

ಹಾಗಾದರೆ ಇವೆಲ್ಲಕ್ಕೂ ಒಂದೇ ಹೆಸರು ಯಾಕೆ? ಹಳೆಯ ಜಪಾನಿಯಲ್ಲಿ ಸುಶಿ ಎಂದರೆ ಹುಳಿಯಾದದ್ದು. ಮೊದಲು ಹುಳಿಯಾಗುತ್ತಿದ್ದದ್ದು ಮೀನು. ಉಪ್ಪು ಹಾಕಿದ ಮೀನನ್ನು ಅನ್ನದೊಳಗೆ ತಿಂಗಳುಗಟ್ಟಲೆ ಹುದುಗಿಸಿ ಕೆಡದಂತೆ ಕಾಯುತ್ತಿದ್ದರು. ತಿನ್ನುತ್ತಿದ್ದದ್ದು ಮೀನು, ಅನ್ನವನ್ನು ಚೆಲ್ಲುತ್ತಿದ್ದರು. ಬಿವಾ ಸರೋವರದ ದಂಡೆಯ ಶಿಗಾ ಪ್ರಾಂತದಲ್ಲಿ ಇವತ್ತಿಗೂ ಮಾಡುವ ಫುನಾಝುಶಿ ಆ ವಂಶದ್ದು, ಅದರ ವಾಸನೆಗೆ ಜಪಾನೀಯರಲ್ಲೇ ಹಲವರು ಹೆದರುತ್ತಾರಂತೆ. ಕಾಯುವ ತಾಳ್ಮೆ ಕಮ್ಮಿಯಾದ ಹಾಗೆ ಅನ್ನಕ್ಕೇ ವಿನಿಗರ್ ಬೆರೆಸಿ ಹುಳಿ ತರಿಸುವ ರೂಢಿ ಬಂತು. 1804ರಲ್ಲಿ ಹಾಂಡಾ ಊರಿನ ನಕಾನೊ ಮತಾಝಾಯೆಮೊನ್ ಸಾಕೆ ಮದ್ಯದ ಚರಟದಿಂದ ಅಗ್ಗದ ವಿನಿಗರ್ ಮಾಡಿ ಮಾರಲು ಹೊರಟರು. ಅದು ಎಡೊ ನಗರ, ಅಂದರೆ ಇಂದಿನ ಟೋಕಿಯೊ, ಸೇರಿತು. ಕೈಯಲ್ಲಿ ಒತ್ತಿಕೊಡುವ ನಿಗಿರಿಝುಶಿ ಬೀದಿಯ ತಿಂಡಿಯಾಗಿ ಬೆಳೆದದ್ದೂ ಆ ಶತಮಾನದ ಎಡೊದಲ್ಲೇ. ಹೀಗೆ ಹುಳಿ ಮೀನಿನಿಂದ ಅನ್ನಕ್ಕೆ ದಾಟಿತು. ಹೆಸರು ಹುಳಿಯ ಹಿಂದೆಯೇ ಹೋಯಿತು.

ಇದರಲ್ಲಿ ನಮಗೆ ಹೊಸದೇನಿಲ್ಲ. ನಮ್ಮ ಬೇಳೆ-ತರಕಾರಿಯ ಹುಳಿಗೂ ಹೆಸರು ಬಂದದ್ದು ರುಚಿಯಿಂದಲೇ. ಹುಣಸೆಹಣ್ಣು ಮುಗಿದಿದ್ದರೆ ಮಾವಿನಕಾಯಿ ಹಾಕಿ, ಟೊಮೇಟೊ ಹಾಕಿ, ಯಾರೂ ಕೇಳುವುದಿಲ್ಲ. ಯಾವುದನ್ನೂ ಹಾಕದಿದ್ದರೆ ಅದು ತೊವ್ವೆ.

ಸುಶಿ ಅಂಗಡಿಗಳ ಒಳಮಾತಿನಲ್ಲಿ ವಿನಿಗರ್ ಬೆರೆತ ಆ ಅನ್ನಕ್ಕೆ ‘ಶಾರಿ’ ಎಂಬ ಇನ್ನೊಂದು ಹೆಸರಿದೆ. ಬುದ್ಧನ ಅವಶೇಷಗಳನ್ನು ಸೂಚಿಸುವ ಪದವದು, ಬೌದ್ಧಧರ್ಮದ ಜೊತೆ ಹೋದ ಸಂಸ್ಕೃತದ ‘ಶರೀರ’. ಬಿಳಿಯ ಅಗುಳು ಆ ಪವಿತ್ರ ಚೂರುಗಳಂತೆ ಕಂಡವಂತೆ. ಅನ್ನವೇ ಶರೀರವಾದ ಮೇಲೆ ಮೇಲಿನದ್ದೆಲ್ಲ ಉಡುಪು. ಲಾಸ್ ಏಂಜಲೀಸ್ ಅದಕ್ಕೆ ಬೆಣ್ಣೆಹಣ್ಣು ತೊಡಿಸಿತು, ಮನಿಲಾ ಮೇಯನೇಸ್ ತೊಡಿಸಿತು. ಚೀಸ್ ನನಗೆ ಅತಿ ಅನ್ನಿಸುತ್ತದೆ. ಹಾಗೆಂದು ಹೆಸರು ಕಿತ್ತುಕೊಳ್ಳಲಾರೆ.

ನಾನು ಕಿತ್ತುಕೊಳ್ಳುವುದು ಬೇರೆ ಕಾರಣಕ್ಕೆ. ಹೇಗಿದ್ದರೂ ಮೇಲೆ ಸಾಸ್ ಬರುತ್ತದಲ್ಲ ಎಂದು ಬರಿಯ ಅನ್ನ ಹರಡುವವರಿದ್ದಾರೆ. ಅವರ ಟ್ರೇಯಲ್ಲಿರುವುದು ಚೀಸ್ ಹಾಕಿ ಕಾಯಿಸಿದ ಅನ್ನ, ಅಷ್ಟೇ. ಎರಡು ಲೋಟ ಅಕ್ಕಿಯ ಅನ್ನಕ್ಕೆ ಕಾಲು ಲೋಟ ಅಕ್ಕಿಯ ವಿನಿಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು. ಕರಗಿಸಿಟ್ಟುಕೊಂಡು, ಅನ್ನ ಬಿಸಿಯಿರುವಾಗಲೇ ಸುರಿದು, ಅಗುಳು ಮುರಿಯದಂತೆ ಕಲಸಬೇಕು. ಆರಿದ ಮೇಲೆ ಸುರಿದರೆ ಸರಿಯಾಗಿ ಹೀರುವುದಿಲ್ಲ, ತಳದಲ್ಲಿ ನಿಲ್ಲುತ್ತದೆ.