ಸೀಟ್ ಬೆಲ್ಟ್ ಬಂದ ದಾರಿ

ನಮ್ಮ ಕೂಟದ ಯಾವ ಸಮಾರಂಭವೇ ಇರಲಿ, ಬಿಸಿಬೇಳೆಭಾತು ಮುಗಿದು ಮೊಸರನ್ನಕ್ಕೆ ಕೈ ಹಾಕುವ ಹೊತ್ತಿಗೆ ಮಾತು ಕಾರಿನ ಕಡೆ ತಿರುಗಿರುತ್ತದೆ. ಯಾರು ಹೊಸದು ಕೊಂಡರು, ಗ್ಯಾಲನ್ನಿಗೆ ಎಷ್ಟು ಮೈಲಿ, ಮುಂದೆ ಮಾರಿದರೆ ಎಷ್ಟು ಬಂದೀತು ಎಂದೆಲ್ಲ ಚರ್ಚೆ. ಕಾರಿನ ಹುಚ್ಚಿನಲ್ಲಿ ನಾವೂ ಯಾರಿಗೂ ಕಡಿಮೆಯಿಲ್ಲ. ಆದರೆ ಎಮರ್ಜೆನ್ಸಿ ವಿಭಾಗದಲ್ಲಿ ರಾತ್ರಿಪಾಳಿ ಮಾಡಿದ ವೈದ್ಯರಾದ ನಮಗೆ ಕಾರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸೀಟ್ ಬೆಲ್ಟು. ಎರಡಂಗುಲದ ಆ ಪಟ್ಟಿ ಕಾರಿನೊಳಗೆ ಬರಲು ಪಟ್ಟ ಪಾಡು ಸಣ್ಣದಲ್ಲ. ಅದಕ್ಕಾಗಿ ಮೊದಲು ದನಿಯೆತ್ತಿದವರಲ್ಲಿ ವೈದ್ಯರೂ ಇದ್ದರೆಂಬುದು ಬಹಳ ಮಂದಿಗೆ ಗೊತ್ತಿಲ್ಲ.

1930ರ ದಶಕದಲ್ಲಿ ಡೆಟ್ರಾಯಿಟಿನಲ್ಲಿ ಡಾ. ಕ್ಲೇರ್ ಸ್ಟ್ರೇತ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಆಗಿನ ಕಾರುಗಳ ಡ್ಯಾಶ್‌ಬೋರ್ಡು ಗಟ್ಟಿ ಉಕ್ಕಿನದು, ಅದರ ತುಂಬ ಚಾಚಿಕೊಂಡ ಗುಂಡಿಗಳು. ಚಾಲಕನ ಪಕ್ಕದಲ್ಲಿ ಕೂತವರ ಮುಖ ನೇರವಾಗಿ ಅದಕ್ಕೇ ಅಪ್ಪಳಿಸುತ್ತಿತ್ತು. ಒಡೆದ ಮುಖಗಳನ್ನು ಹೊಲಿದು ಹೊಲಿದು ಬೇಸತ್ತ ಸ್ಟ್ರೇತ್, ತಮ್ಮ ಕಾರಿಗೆ ತಾವೇ ಮೆತ್ತೆ ಹಾಕಿಸಿ ಬೆಲ್ಟು ಕಟ್ಟಿಸಿಕೊಂಡರು. ಕಾರು ತಯಾರಕರ ಬೆನ್ನು ಹತ್ತಿದರು. 1937ರ ಡಾಜ್ ಕಾರುಗಳಲ್ಲಿ ಆ ಗುಂಡಿಗಳು ಒಳಸರಿದವು.

ಆದರೆ ಒಟ್ಟಾರೆ ಉದ್ಯಮದ ವಾದ ಬೇರೆ. ತಪ್ಪು ಕಾರಿನದಲ್ಲ, ಓಡಿಸುವವನದು. ಅವನಿಗೆ ಬುದ್ಧಿ ಕಲಿಸಿ, ರಸ್ತೆ ನೆಟ್ಟಗೆ ಮಾಡಿ, ಸಾಕು ಎಂದು. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಒಂದು ಅಪಘಾತವೆಂದರೆ ಎರಡು ಡಿಕ್ಕಿ. ಮೊದಲನೆಯದು ಕಾರಿಗೂ ಮರಕ್ಕೂ. ಕಾರು ನಿಂತರೂ ಒಳಗಿರುವ ದೇಹ ಅದೇ ವೇಗದಲ್ಲಿ ಮುಂದೆ ಹೋಗಿ ಸ್ಟಿಯರಿಂಗಿಗೋ ಗಾಜಿಗೋ ಬಡಿಯುತ್ತದೆ. ಅದು ಎರಡನೆಯದು. ಪ್ರಾಣ ಹೋಗುವುದು ಹೆಚ್ಚಾಗಿ ಇದರಲ್ಲೇ. ಮೊದಲ ಡಿಕ್ಕಿಗೆ ಚಾಲಕ ಹೊಣೆಯಿರಬಹುದು, ಎರಡನೆಯದಕ್ಕೆ ಕಾರು ಕಟ್ಟಿದವರು ಹೊಣೆಯಲ್ಲವೆ?

ದೇಹವನ್ನು ಕಟ್ಟಿ ಹಾಕಿದರೆ ಅಂಥ ಹೊಡೆತ ತಾಳೀತೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ರಾಕೆಟ್ ಬಂಡಿಯಲ್ಲಿ ಕೂತರು. ಗಂಟೆಗೆ 632 ಮೈಲಿ ವೇಗಕ್ಕೇರಿದ ಆ ಬಂಡಿ ಸುಮಾರು 1.4 ಸೆಕೆಂಡಿನಲ್ಲಿ ನಿಂತಿತು. ಕಣ್ಣಿನಲ್ಲಿ ರಕ್ತ ಕಟ್ಟಿ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ, ಆದರೆ ಬದುಕಿಕೊಂಡರು. 89 ವರ್ಷ ಬಾಳಿದರು! ಮರುವರ್ಷ ಕ್ಯಾಲಿಫೋರ್ನಿಯದ ನರಶಸ್ತ್ರವೈದ್ಯ ಡಾ. ಹಂಟರ್ ಶೆಲ್ಡನ್, ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಕಾರಪಘಾತದ ತಲೆಪೆಟ್ಟಿಗೆ ತಡೆಗಟ್ಟುವುದೊಂದೇ ಮದ್ದು ಎಂದು ಬರೆದು, ತಾನಾಗಿ ಸುರುಳಿ ಸುತ್ತಿಕೊಳ್ಳುವ ಬೆಲ್ಟನ್ನು ಸೂಚಿಸಿದರು.

ಫೋರ್ಡ್ ಕಂಪನಿ 1956ರಲ್ಲಿ ಹೆಚ್ಚಿನ ಬೆಲೆಗೆ ಬೆಲ್ಟು ಕೊಡಲು ಮುಂದಾಯಿತು. ಆ ವರ್ಷ ಷೆವ್ರೊಲೆ ಹೆಚ್ಚು ಮಾರಾಟವಾದದ್ದೇ ತಡ, ಸುರಕ್ಷತೆ ಮಾರಾಟವಾಗುವ ಸರಕಲ್ಲ ಎಂಬುದು ಡೆಟ್ರಾಯಿಟಿನ ಗಾದೆಯಾಯಿತು. ದಾರಿ ತೋರಿಸಿದ್ದು ಸ್ವೀಡನ್ನಿನ ವೋಲ್ವೋ. ಮೊದಲು ವಿಮಾನದಿಂದ ಚಿಮ್ಮುವ ಸೀಟುಗಳನ್ನು ರೂಪಿಸುತ್ತಿದ್ದ ಇಂಜಿನಿಯರ್ ನಿಲ್ಸ್ ಬೋಲಿನ್, ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದಾದ ಬೆಲ್ಟನ್ನು ಮಾಡಿದರು. 1959ರಲ್ಲಿ ಅದು ಕಾರಿಗೆ ಬಂತು. ವೋಲ್ವೋ ಅದರ ಪೇಟೆಂಟನ್ನು ಇತರ ಕಂಪನಿಗಳೂ ಬಳಸಲೆಂದು ಬಿಟ್ಟುಕೊಟ್ಟಿತು. ಕಾರು ಉದ್ಯಮದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಾನ ನಮಗೆ ಕಾಣದು.

ಅಮೆರಿಕದ ಕಂಪನಿಗಳನ್ನು ಮಣಿಸಲು ಮಾತ್ರ ಕಾನೂನೇ ಬೇಕಾಯಿತು. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರ ಪುಸ್ತಕ ಉದ್ಯಮದ ಹುಳುಕನ್ನು ಬಯಲಿಗಿಟ್ಟಿತು. ಜನರಲ್ ಮೋಟರ್ಸ್ ಅವರ ಹಿಂದೆ ಪತ್ತೇದಾರರನ್ನು ಬಿಟ್ಟು ಸಿಕ್ಕಿಬಿದ್ದಿತು. ಅದರ ಅಧ್ಯಕ್ಷರು ಸೆನೆಟ್ಟಿನೆದುರು ಕ್ಷಮೆ ಕೇಳಬೇಕಾಯಿತು. 1966ರ ಸೆಪ್ಟೆಂಬರಿನಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಅದನ್ನು ಜಾರಿಗೆ ತರಲು ಮೊದಲು ನೇಮಕವಾದ ಅಧಿಕಾರಿ ಡಾ. ವಿಲಿಯಂ ಹ್ಯಾಡನ್, ಅವರೂ ವೈದ್ಯರೇ. 1968ರಿಂದ ಹೊಸ ಕಾರುಗಳಿಗೆಲ್ಲ ಬೆಲ್ಟು ಕಡ್ಡಾಯವಾಯಿತು.

ಆಮೇಲೆ ಹಟ ಹಿಡಿದವರು ನಾವು, ಸವಾರರು. ಬೆಲ್ಟು ಹಾಕದೆ ಸ್ಟಾರ್ಟೇ ಆಗದ 1974ರ ಕಾರುಗಳ ಮೇಲೆ ಜನ ಎಷ್ಟು ಸಿಡಿದೆದ್ದರೆಂದರೆ, ಅದೇ ವರ್ಷ ಸಂಸತ್ತು ಆ ನಿಯಮವನ್ನು ಕಿತ್ತುಹಾಕಿತು. ಹಾಕಿಕೊಳ್ಳಲೇಬೇಕೆಂಬ ಕಾನೂನನ್ನು ನ್ಯೂಯಾರ್ಕ್ 1984ರಲ್ಲಿ ಮೊದಲು ತಂದಾಗ ದೇಶದಲ್ಲಿ ಬೆಲ್ಟು ಹಾಕುತ್ತಿದ್ದವರು ನೂರಕ್ಕೆ 14 ಮಂದಿ. ಈಗ ಮುಂದಿನ ಸೀಟಿನಲ್ಲಿ ಸುಮಾರು 91. ಹತ್ತು ಕೋಟಿ ಮೈಲಿ ಓಡಾಟಕ್ಕೆ 1966ರಲ್ಲಿ 5.5 ಸಾವು, ಇತ್ತೀಚಿನ ವರ್ಷಗಳಲ್ಲಿ ಒಂದೂಕಾಲರ ಆಸುಪಾಸು. ಒಳ್ಳೆಯ ರಸ್ತೆ, ಏರ್‌ಬ್ಯಾಗು, ಕುಡಿದು ಓಡಿಸುವವರ ಮೇಲಿನ ಬಿಗಿ, ಎಲ್ಲದರ ಪಾಲೂ ಇದರಲ್ಲಿದೆ. ಆದರೂ ಬೆಲ್ಟಿನ ಪಾಲು ದೊಡ್ಡದು.

ನಮ್ಮ ಬಾಲ್ಯದ ಅಂಬಾಸಿಡರಿನಲ್ಲಿ ಹಿಂದೆ ನಾಲ್ವರು, ಅವರ ತೊಡೆಯ ಮೇಲೆ ಇಬ್ಬರು. ಆ ಅಭ್ಯಾಸದ ನೆರಳು ಇನ್ನೂ ನಮ್ಮನ್ನು ಬಿಟ್ಟಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ಕೂತು "ನಮಗ್ಯಾಕೆ ಬಿಡಪ್ಪ, ದೇವಸ್ಥಾನ ಇಲ್ಲೇ ಅಲ್ವೇ" ಎನ್ನುತ್ತಾರೆ; ಹಿರಿಯರಿಗೆ ಒತ್ತಾಯ ಮಾಡಲು ನಮಗೆ ಸಂಕೋಚ. 2022ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ ಜರ್ಮನ್ ಕಾರಿನಲ್ಲೇ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಮುಂದಿದ್ದ ಇಬ್ಬರು ಉಳಿದರು.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಲಿ. ಬಸುರಿಯರಿಗೆ ಹೊಟ್ಟೆಯ ಕೆಳಗೆ. ಮೇಲ್ಪಟ್ಟಿ ಭುಜದಿಂದ ಎದೆಯ ನಡುವೆ ಹಾಯಲಿ, ಕಂಕುಳ ಕೆಳಗಲ್ಲ. ಚಳಿಗಾಲದ ದಪ್ಪ ಕೋಟಿನ ಗುಂಡಿ ಬಿಚ್ಚಿ, ಬೆಲ್ಟು ಮೈಗೆ ಹತ್ತಿರ ಕೂರಲಿ. ಮುಂದಿನ ಸಲ ಅಮ್ಮ ಹಿಂದಿನ ಸೀಟಿನಲ್ಲಿ ಕೂತಾಗ ಸೆರಗು ಸರಿಮಾಡಿಕೊಟ್ಟು, ಬೆಲ್ಟನ್ನೂ ನೀವೇ ಹಾಕಿ ಕಾರು ತೆಗೆಯಿರಿ.